ಅಜೇಲಿಯಾಗೆ ಹುಳಿ ಬೇಕಂತೆ

ಬಾಟನಿ ಪಾಠ ಹೇಳುವವರ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಎಲೆ ಹಿಡಿದುಕೊಂಡೇ ಬರುತ್ತಾರೆ. "ಇದೇನು ಗಿಡ ಹೇಳಿ ಮೇಡಂ" ಅಂತ. ಮದುವೆ ಊಟಕ್ಕೆ ಕೂತಾಗ ಪಕ್ಕದವರು ಸಾರಿನೊಳಗಿನ ಸೊಪ್ಪನ್ನು ಎತ್ತಿ ತೋರಿಸಿದ್ದೂ ಉಂಟು. ಹೇಳಿದರೆ "ಅಷ್ಟೇನಾ?" ಅನ್ನುತ್ತಾರೆ. ಹೇಳದಿದ್ದರೆ "ಕಾಲೇಜಲ್ಲಿ ಏನು ಪಾಠ ಮಾಡ್ತಾರೋ" ಅನ್ನುತ್ತಾರೆ. ಇಂಥದ್ದು ನನಗೆ ವಾರಕ್ಕೊಂದಾದರೂ ಆಗುತ್ತಿರುತ್ತದೆ. ಆದರೆ ಕಳೆದ ಮೂರು ವರ್ಷದಲ್ಲಿ ಒಂದೇ ಒಂದು ಗಿಡದಿಂದ ಆದಷ್ಟು ಫಜೀತಿ ಇಡೀ ಸಸ್ಯಕುಲದಿಂದ ಆಗಿಲ್ಲ.

ನಾನು ಹನ್ನೆರಡು ವರ್ಷ ಆಂಧ್ರದ ಕಲ್ಯಾಣದುರ್ಗದ ಕಾಲೇಜಿನಲ್ಲಿದ್ದೆ. ಆಮೇಲೆ ಅತ್ತೆಮನೆ ಇರುವ ಹಿಂದೂಪುರಕ್ಕೇ ವರ್ಗವಾಯಿತು. ಮನೆಯಲ್ಲಿ ನಾನು, ನಮ್ಮ ಯಜಮಾನರು, ನಮ್ಮತ್ತೆ. ಹಿಂದುಗಡೆ ಮಗ್ಗದ ಶೆಡ್ಡು. ಕಲ್ಯಾಣದುರ್ಗದಲ್ಲಿ ನನ್ನ ಜೊತೆ ಬಾಟನಿ ಹೇಳುತ್ತಿದ್ದವರೊಬ್ಬರು ಇನ್ನೂ ಅಲ್ಲೇ ಇದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುವುದು. ಇಷ್ಟು ಜನ ಗೊತ್ತಿದ್ದರೆ ಸಾಕು.

ಆ ಗಿಡದ ಹೆಸರು ಅಜೇಲಿಯಾ. ಊಟಿಗೆ ಹೋದವರು ನೋಡಿರುತ್ತೀರಿ. ಮೊಳಕಾಲೆತ್ತರದ ಪೊದೆ, ಹೂ ಬಿಟ್ಟಿತೆಂದರೆ ಎಲೆ ಕಾಣುವುದಿಲ್ಲ. ಎರಿಕೇಸೀ ಅನ್ನುವ ಕುಟುಂಬದ್ದು. ಆ ಕುಟುಂಬದವಕ್ಕೆಲ್ಲ ತಂಪು ಹವೆ ಬೇಕು, ಹುಳಿ ಮಣ್ಣು ಬೇಕು, ಸುಣ್ಣವಿಲ್ಲದ ನೀರು ಬೇಕು. ನಮ್ಮೂರಿನಲ್ಲಿ ಈ ಮೂರೂ ಇಲ್ಲ. ಅದಕ್ಕೇ ನನಗೆ ಅದು ಬೇಕೇ ಬೇಕು ಅನ್ನಿಸಿದ್ದು.

ಚಿಲಮತ್ತೂರಿನ ಗ್ಯಾರಂಟಿ

ಒಂದು ಆಗಸ್ಟ್ ತಿಂಗಳು ಬೆಂಗಳೂರಿಂದ ಬರುತ್ತಿದ್ದೆವು. ಚಿಲಮತ್ತೂರಿನ ಹತ್ತಿರ ಹೆದ್ದಾರಿ ಪಕ್ಕ ಒಬ್ಬಾತ ಗಿಡ ಜೋಡಿಸಿಕೊಂಡು ಕೂತಿದ್ದ. ಕಾರು ನಿಲ್ಲಿಸಿ, "ಅಜೇಲಿಯಾ ಇದೆಯೇನಪ್ಪ?" ಅಂದೆ.

ಆತ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಸ್ವಲ್ಪ ಹೊತ್ತು ಗಿಡಗಳ ಮುಖ ನೋಡಿದ.

"ಉಂದಿ ಮೇಡಂ. ಎನ್ನಿ ಕಾವಾಲಿ, ಎಷ್ಟು ಬೇಕು?"

"ಇದೆಯಾ? ಗ್ಯಾರಂಟಿನಾ?"

"ಗ್ಯಾರಂಟಿ ಮೇಡಂ. ಹೂ ಬರ್ದಿದ್ರೆ ನನ್ನ ಹೆಸರು ಬದಲಾಯಿಸಿಬಿಡಿ."

ಆತನ ಹೆಸರೇನು ಅಂತ ನಾನು ಕೇಳಲಿಲ್ಲ. ಗಿಡ ಸಿಕ್ಕಿದ ಖುಷಿಯಲ್ಲೇ ಇದ್ದೆ.

ಮನೆಗೆ ತಂದೆ. ನಮ್ಮತ್ತೆ ಬಾಗಿಲಲ್ಲೇ ನೋಡಿ, "ಇದನ್ಯಾಕಮ್ಮ ಅಷ್ಟು ದೂರದಿಂದ ಹೊತ್ಕಂಡ್ ಬಂದೆ? ಡಿಸೆಂಬರ್ ಹೂವಿನ ಗಿಡ ಅಲ್ವಾ ಇದು? ನಮ್ಮ ಹಿತ್ಲ ಬೇಲಿ ತುಂಬಾ ಇತ್ತು, ನಾನೇ ಕಿತ್ತು ಬಿಸಾಕಿಸ್ದೆ" ಅಂದರು.

"ಅಲ್ಲ ಅತ್ತೆ, ಇದು ಎರಿಕೇಸೀ."

"ಯಾವ ಊರಿಂದೋ ಇರ್ಲಿ ಕಣಮ್ಮ. ಎಲೆ ಡಿಸೆಂಬರ್‌ದೇ."

ಓದದವರ ಜೊತೆ ಏನು ವಾದ ಅಂತ ಸುಮ್ಮನಾದೆ. ನೆರಳಲ್ಲಿಟ್ಟೆ. ಕೊಳೆತ ಎಲೆಗೊಬ್ಬರ ಹಾಕಿದೆ. ಮಳೆನೀರು ಡ್ರಮ್ಮಿನಲ್ಲಿ ಹಿಡಿದು, ಅದನ್ನು ಬೇರೆ ಯಾರೂ ಮುಟ್ಟದ ಹಾಗೆ ಮುಚ್ಚಳದ ಮೇಲೆ ಕಲ್ಲು ಹೇರಿದೆ. ಮಕ್ಕಳಿಗೆ ಮೊದಲನೇ ದಿನವೇ ನಾನು ಹೇಳುವ ಪಾಠ ಒಂದಿದೆ: ಗಿಡ ಗುರುತಿಸಬೇಕಾದರೆ ಮೊದಲು ಎಲೆ ಹೇಗೆ ಕೂತಿದೆ ನೋಡಿ, ಎದುರುಬದುರಾಗಿದೆಯೋ, ಒಂದು ಬಿಟ್ಟು ಒಂದಿದೆಯೋ. ಅಜೇಲಿಯಾದ್ದು ಎದುರುಬದುರಲ್ಲ. ನನ್ನ ಗಿಡದ ಎಲೆಗಳು ನಾಲ್ಕು ತಿಂಗಳು ಎದುರುಬದುರಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ನಾನು ನೋಡಲಿಲ್ಲ.

ಮೊಗ್ಗು ಬಂತು. ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿದೆ. ಕಲ್ಯಾಣದುರ್ಗದಿಂದ ಬಸ್ಸು ಹಿಡಿದು ಬಂದರು. ಅಷ್ಟರಲ್ಲಿ ಹೂ ಅರಳಿತ್ತು, ತಿಳಿ ನೇರಳೆ ಬಣ್ಣ. ಬಗ್ಗಿ ನೋಡಿದರು. ಎದ್ದು ಕನ್ನಡಕ ಒರೆಸಿಕೊಂಡರು. ಮತ್ತೆ ಬಗ್ಗಿ ನೋಡಿದರು. ಕಾಫಿ ಪೂರ್ತಿ ಕುಡಿದರು.

"ಹೂ ಚೆನ್ನಾಗಿದೆ ಮೇಡಂ. ಈಗ ಯಾವ ತಿಂಗಳು?"

"ಡಿಸೆಂಬರ್" ಅಂದೆ.

"ಅಷ್ಟೇ ಮೇಡಂ" ಅಂದರು.

ಒಳಗಿಂದ ನಮ್ಮತ್ತೆ ಕೂಗಿದರು: "ಮೇಷ್ಟ್ರು ಏನೂ ಓದಿಲ್ಲ ಅಂದ್ಕಂಡಿದ್ದೆ, ಪರ್ವಾಗಿಲ್ವೇ!"

ಹುಳಿ

ಈ ಸುದ್ದಿ ಕಲ್ಯಾಣದುರ್ಗದ ಸ್ಟಾಫ್ ರೂಮಿಗೆ ಮೇಷ್ಟ್ರಿಗಿಂತ ಮೊದಲೇ ಹೋಗಿ ತಲುಪಿತು. ಯಾರೇ ಫೋನ್ ಮಾಡಲಿ, "ಮೇಡಂ, ಇದು ಯಾವ ತಿಂಗಳು?" ಅಂತಲೇ ಶುರು. ನನ್ನ ಮಾನದ ಪ್ರಶ್ನೆಯಾಯಿತು. ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಊಟಿಗೆ ಪ್ರವಾಸ ಹೋದಾಗ ಒಂದು ನರ್ಸರಿಯಲ್ಲಿ ನಿಂತು, ಹೂ ಬಿಟ್ಟಿದ್ದ ಗಿಡವನ್ನೇ ಆರಿಸಿ, ಎಲೆ ನೋಡಿ, ಕೇಸರ ಎಣಿಸಿ, ಎರಡು ಸಲ ಎಣಿಸಿ, ತಂದೆ. ಬಸ್ಸಿನಲ್ಲಿ ಊಟಿಯಿಂದ ಹಿಂದೂಪುರದವರೆಗೂ ಗಿಡ ನನ್ನ ತೊಡೆಯ ಮೇಲೆ. ಇಬ್ಬರು ಹುಡುಗಿಯರು ವಾಂತಿ ಮಾಡಿಕೊಂಡರು. ಅವರನ್ನು ಇನ್ನೊಬ್ಬ ಮೇಡಂ ನೋಡಿಕೊಂಡರು.

ಬಂದ ಹೂ ಉದುರಿತು. ಬೇಸಿಗೆ ಬಂತು. ಮಳೆನೀರು ಮುಗಿದು ಬೋರ್ ನೀರು ಹಾಕುವ ಗತಿ ಬಂತು. ನಮ್ಮ ಬೋರ್ ನೀರು ಕುಂಡದ ಅಂಚಿಗೆಲ್ಲ ಬೆಳ್ಳಗೆ ಸುಣ್ಣ ಬಳಿದುಬಿಡುತ್ತದೆ. ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು, ಮಿಕ್ಕಿದ್ದೆಲ್ಲ ಹಳದಿ. ನನಗೆ ಊಟ ಸೇರದಂತಾಯಿತು. ಊಟಕ್ಕೆ ಕೂತಾಗ ಯಾರನ್ನೂ ಉದ್ದೇಶಿಸದೆ ಹೇಳಿದೆ: "ಅದಕ್ಕೆ ಹುಳಿ ಸಾಲ್ತಿಲ್ಲ. ಆ ಗಿಡಕ್ಕೆ ಹುಳಿ ಬೇಕು."

ಮಾರನೇ ದಿನ ಬೆಳಿಗ್ಗೆ ನೋಡುತ್ತೇನೆ, ಕುಂಡದ ಮಣ್ಣಿನ ಮೇಲೆ ಸಾಸಿವೆ, ಕರಿಬೇವು, ಒಂದು ನುಗ್ಗೆಕಾಯಿ ತುಂಡು. ಸುತ್ತಲೂ ಇರುವೆಗಳ ಮೆರವಣಿಗೆ.

"ಅತ್ತೆ, ಇದೇನು?"

"ನೀನೇ ಅಂದ್ಯಲ್ಲಮ್ಮ, ಹುಳಿ ಬೇಕು ಅಂತ."

"ಹುಳಿ ಅಂದ್ರೆ ಮಣ್ಣಿನ ಹುಳಿ ಅತ್ತೆ! ಬೇಳೆ ಹಾಕಿ ಮಾಡೋ ಹುಳಿ ಅಲ್ಲ!"

ಅವರ ಮುಖ ಸಣ್ಣಗಾಯಿತು. ಗಿಡವನ್ನು ನೋಡಿ, ನನ್ನನ್ನು ನೋಡಿ ಮೆಲ್ಲಗೆ ಹೇಳಿದರು: "ಖಾರ ಹಾಕೋಕ್ ಮುಂಚೇನೇ ತೆಗ್ದಿಟ್ಟಿದ್ದೆ ಕಣಮ್ಮ. ಬಾಣಂತಿಗೆ ಬಡ್ಸೋ ಹಂಗೆ, ಆರಿಸಿ ಹಾಕಿವ್ನಿ."

ಹತ್ತಿರದ ತಜ್ಞರು

ನಮ್ಮ ಯಜಮಾನರು ದಿನಾ ಕೇಳುತ್ತಿದ್ದರು, "ಏನಾಗಿದೆ ಅದಕ್ಕೆ? ಏನಾಗಿದೆ ಅದಕ್ಕೆ?" ಅಂತ. ಒಂದು ದಿನ ರೇಗಿ, "ನನ್ನ ಕೇಳ್ಬೇಡಿ, ಫೋನ್ ಕೇಳಿ" ಅಂದೆ.

ಅವರು ಅದನ್ನು ಸಲಹೆ ಅಂದುಕೊಂಡರು. ಫೋಟೋ ತೋರಿಸಿದರೆ ಗಿಡದ ಹೆಸರು, ರೋಗ ಎರಡೂ ಹೇಳುವ ಆ್ಯಪ್ ಒಂದನ್ನು ಹಾಕಿಕೊಂಡರು. ಮೊದಲನೇ ಫೋಟೋಗೆ ಅದು "ಟೀ ಗಿಡ" ಅಂದಿತು. ಎರಡನೆಯದಕ್ಕೆ "ಸೀಬೆ" ಅಂದಿತು. ಬೆಳಕು ಸಾಲದೇನೋ ಅಂತ ಕುಂಡವನ್ನು ಶೆಡ್ಡಿನ ಮುಂದೆ ಇಟ್ಟು ಫೋಟೋ ತೆಗೆದರು. ಹಿಂದೆ ಕೇಸರಿ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿ ಒಣಗುತ್ತಿತ್ತು. ಆ್ಯಪ್ ಸಂತೋಷದಿಂದ, "ಚೆಂಡು ಹೂವು. ನಿಮ್ಮ ಗಿಡ ತುಂಬಾ ಆರೋಗ್ಯವಾಗಿದೆ" ಅಂದಿತು.

ಇವರು ಬಿಡಲಿಲ್ಲ. ನಾಲ್ಕನೇ ಫೋಟೋಗೆ ಆ್ಯಪ್ ಬಹಳ ಹೊತ್ತು ಚಕ್ರ ತಿರುಗಿಸಿ ಕೊನೆಗೆ ಬರೆಯಿತು: "ಖಚಿತವಾಗಿ ಹೇಳಲಾಗುತ್ತಿಲ್ಲ. ನಿಮ್ಮ ಹತ್ತಿರದ ಸಸ್ಯ ತಜ್ಞರನ್ನು ವಿಚಾರಿಸಿ."

ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಲೇ, ಫೋನು ನಿನ್ನನ್ನ ಕೇಳು ಅಂತೈತೆ. ನೀನು ಫೋನ್ ಕೇಳಿ ಅಂತೀಯ. ನೀವಿಬ್ರೂ ಒಂದ್ಸಲ ಕೂತು ಮಾತಾಡ್ಕಳಿ, ನಾನು ಗಿಡದ ಹತ್ರ ಇರ್ತೀನಿ."

ಅನ್ನಭೇದಿ

ಪರೀಕ್ಷೆ ಕೆಲಸಕ್ಕೆ ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದರು. ಮಾನ ಬಿಟ್ಟು ಮೇಷ್ಟ್ರನ್ನೇ ಕೇಳೋಣ ಅಂತ ಹಳದಿ ಎಲೆಯ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬ ರೈತರು, ಕಡ್ಲೆಕಾಯಿ ಬೆಳೆಯುವವರು, ಕಾಲ ಬಳಿ ಚೀಲ ಇಟ್ಟುಕೊಂಡು ಕೂತಿದ್ದರು. ಕವರಿನೊಳಗೆ ಇಣುಕಿ ನೋಡಿದರು.

"ಕಡ್ಲೆಕಾಯಿಗೂ ಹಿಂಗೇ ಆಯ್ತದೆ ಕಣಮ್ಮ. ಮಣ್ಣಾಗೆ ಸುಣ್ಣ ಜಾಸ್ತಿ. ಇನುಮು ಸಾಲ್ದು."

ಇನುಮು ಅಂದರೆ ಕಬ್ಬಿಣ. ನಾನು ಬೆಚ್ಚಿಬಿದ್ದೆ. ಸುಣ್ಣ ಹೆಚ್ಚಾದರೆ ಬೇರಿಗೆ ಕಬ್ಬಿಣ ಸಿಗದು ಅನ್ನುವುದನ್ನು ವರ್ಷಕ್ಕೆ ಒಂದು ಸಲ ಬೋರ್ಡಿನ ಮೇಲೆ ಬರೆಯುತ್ತೇನೆ. ನನ್ನ ಕುಂಡದ ಮುಂದೆ ಅದು ನೆನಪಾಗಿರಲಿಲ್ಲ.

"ಏನು ಹಾಕೋದು ಹಂಗಾದ್ರೆ?"

"ಅನ್ನಭೇದಿ ತಗಳಿ. ಒಂಚೂರು ನೀರಾಗೆ ಕರಗ್ಸಿ, ನಿಂಬೆ ಉಪ್ಪು ಸೇರ್ಸಿ ಎಲೆ ಮ್ಯಾಲೆ ಹೊಡೀರಿ. ಹತ್ತು ದಿನಕ್ಕೆ ಪಚ್ಚಗಾಯ್ತದೆ. ಮಂದುಲ ಅಂಗಡೀಲಿ ಕೇಳಿ, ಕೊಡ್ತಾರೆ."

ಇಷ್ಟು ಹೇಳಿ ಅವರು ತಮ್ಮೂರು ಬಂತೆಂದು ಇಳಿದುಹೋದರು. ಅನ್ನಭೇದಿ ಅಂದರೆ ಕಬ್ಬಿಣದ ಒಂದು ಉಪ್ಪು. ತೆಲುಗಿನಲ್ಲಿ ಮಂದು ಅಂದರೆ ಹೊಲಕ್ಕೆ ಹೊಡೆಯುವ ಔಷಧಿಯೂ ಹೌದು, ಮನುಷ್ಯರು ನುಂಗುವ ಔಷಧಿಯೂ ಹೌದು. ಅವರು ಹೇಳಿದ್ದು ಮೊದಲನೆಯದು. ನಾನು ಕಲ್ಯಾಣದುರ್ಗದಲ್ಲಿ ಇಳಿದು, ಎದುರಿಗೆ ಕಂಡ ಎರಡನೆಯದಕ್ಕೆ ನುಗ್ಗಿದೆ. ಅಂಗಡಿಯಲ್ಲಿದ್ದಾತ ನನ್ನ ಹಳೇ ವಿದ್ಯಾರ್ಥಿ. ಸುತ್ತ ಏಳೆಂಟು ಜನ ಗಿರಾಕಿಗಳು.

"ನಮಸ್ಕಾರ ಮೇಡಂ! ಏನು ಬೇಕು?"

ಸದ್ದಿನಲ್ಲಿ ಕೇಳಿಸಲಿ ಅಂತ ಜೋರಾಗಿಯೇ ಹೇಳಿದೆ: "ಅನ್ನಭೇದಿ ಕಣಪ್ಪ."

ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು. ಆತ ದನಿ ತಗ್ಗಿಸಿದ. "ಅಯ್ಯೋ. ಎಷ್ಟು ದಿನದಿಂದ ಮೇಡಂ?"

"ಎರಡು ತಿಂಗಳಾಯ್ತು."

"ರೆಂಡು ನೆಲಲಾ! ನಿಮಗಾ ಮೇಡಂ, ಮನೇಲಿ ಯಾರಿಗಾದ್ರೂನಾ?"

"ಅಜೇಲಿಯಾಗೆ."

ಆತ ಒಂದು ಕ್ಷಣ ಯೋಚಿಸಿ, ಈಗಿನ ಕಾಲದ ಹೆಸರು ಅಂದುಕೊಂಡ. "ವಯಸ್ಸೆಷ್ಟು?"

"ಒಂದೂವರೆ ವರ್ಷ ಇರಬಹುದು. ಪೂರ್ತಿ ಹಳದಿಯಾಗಿಬಿಟ್ಟಿದೆ ಕಣಪ್ಪ."

"ಹಳದಿ ಬೇರೆ ಆಗಿದೆಯಾ? ಏನು ಕೊಡ್ತಿದ್ದೀರ ಮೇಡಂ?"

"ಏನು ಕೊಡೋದು, ಬೋರ್ ನೀರು. ಮೊನ್ನೆ ನಮ್ಮತ್ತೆ ಹುಳಿ ಹುಯ್ದುಬಿಟ್ಟಿದ್ರು, ನುಗ್ಗೆಕಾಯಿ ಸಮೇತ."

ಹಿಂದಿನಿಂದ ಒಬ್ಬ ಹೆಂಗಸು ಎದೆ ಬಡಿದುಕೊಂಡಿದ್ದು ಕೇಳಿಸಿತು. "ಓದ್ದೋರ ಮನ್ಯಾಗೆ ಹಿಂಗೆ! ಒಳಗಡೆನಾದ್ರೂ ಮಲಗಿಸ್ತೀರೇನಮ್ಮ?"

"ಇಲ್ಲ, ಹೊರಗಡೇನೇ ಇರುತ್ತೆ. ಹಳೇ ಛತ್ರಿ ಒಂದು ಇಟ್ಟಿದ್ದೀನಿ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

ನನ್ನ ವಿದ್ಯಾರ್ಥಿ ಓಆರ್‌ಎಸ್ ಪೊಟ್ಟಣಗಳನ್ನು ಒಂದೊಂದಾಗಿ ಮುಂದಿಟ್ಟ. "ಮೇಡಂ, ನೀವು ನನ್ನ ಗುರುಗಳು. ಕೈ ಮುಗಿದು ಕೇಳ್ಕೊಳ್ತೀನಿ. ಮಗೂನ ಇವತ್ತೇ ಡಾಕ್ಟರಿಗೆ ತೋರಿಸಿ."

"ಯಾವ ಮಗು?" ಅಂದೆ. ಕವರಿನಿಂದ ರೆಂಬೆ ತೆಗೆದು ಕೌಂಟರಿನ ಮೇಲಿಟ್ಟೆ.

ಎಲ್ಲರೂ ರೆಂಬೆಯನ್ನು ನೋಡಿದರು. ಆ ಹೆಂಗಸು ಅದನ್ನು ಎತ್ತಿ, ತಿರುಗಿಸಿ ನೋಡಿದರು. "ನಂಗೂ ಅರವತ್ತು ತುಂಬ್ತು ಕಣಮ್ಮ. ಗಿಡಕ್ಕೆ ಭೇದಿ ಆಗಿದ್ದು ಇವತ್ತೇ ನೋಡಿದ್ದು."

ಶನಿವಾರದ ಹೂ

ಅನ್ನಭೇದಿ ಪಕ್ಕದ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿತು, ತಿಳಿ ಹಸಿರು ಬಣ್ಣದ ಹರಳು. ರೈತರು ಹೇಳಿದ ಹಾಗೇ ಹೊಡೆದೆ. ಹತ್ತು ದಿನಕ್ಕಲ್ಲ, ಹದಿನೈದು ದಿನಕ್ಕೆ ಗಿಡ ಹಸಿರಾಯಿತು. ಮಳೆಗಾಲ ಬಂದು ಡ್ರಮ್ಮು ತುಂಬಿತು. ಜನವರಿ ಕೊನೆಗೆ ಹನ್ನೊಂದು ಮೊಗ್ಗು. ಎರಡು ಮೂರು ದಿನದಲ್ಲಿ ಹನ್ನೊಂದೂ ಅರಳಿದವು, ಅಚ್ಚ ಗುಲಾಬಿ ಬಣ್ಣ. ನಾನು ಕುಂಡದ ಮುಂದೆ ಸ್ಟೂಲ್ ಹಾಕಿಕೊಂಡು ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ಈಗಲೂ ನಾಚಿಕೆ.

ಮೇಷ್ಟ್ರಿಗೆ ಫೋನ್ ಮಾಡಿದೆ. "ಅಜೇಲಿಯಾ ಹೂ ಬಿಟ್ಟಿದೆ."

"ಹಿಂದೂಪುರದಲ್ಲಿ? ಸಾಧ್ಯನೇ ಇಲ್ಲ ಮೇಡಂ. ಶನಿವಾರ ಬತ್ತೀನಿ. ಹೂ ಕೈಯಲ್ಲಿ ಹಿಡಿದು ಕೇಸರ ಎಣಿಸಬೇಕು. ಹತ್ತಿದ್ರೆ ಒಪ್ಕೊತೀನಿ. ಫೋಟೋ ಗೀಟೋ ನಂಬಲ್ಲ."

ಶನಿವಾರ ಬೆಳಿಗ್ಗೆ ಎದ್ದು ಬಾಗಿಲು ತೆಗೆದೆ. ಗಿಡ ಇತ್ತು. ಹೂ ಇರಲಿಲ್ಲ. ಒಂದೂ ಇರಲಿಲ್ಲ.

ನಮ್ಮತ್ತೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಖಾಲಿ ಹೂಬುಟ್ಟಿ ಹಿಡಿದು ಬೀದಿಯಿಂದ ಬರುತ್ತಿದ್ದರು. ಮುಖದಲ್ಲಿ ದೊಡ್ಡ ಸಮಾಧಾನ.

"ಅತ್ತೆ... ಹೂ?"

"ಆಂಜನೇಯಸ್ವಾಮಿಗೆ ಕೊಟ್ಟು ಬಂದೆ ಕಣಮ್ಮ. ಗಿಡ ಹಳದಿಯಾಗಿ ನೀನು ಊಟ ಬಿಟ್ಟಿದ್ದೆ ನೋಡು, ಆವಾಗ ಹರಕೆ ಹೊತ್ತಿದ್ದೆ. ಗಿಡ ಉಳಿದ್ರೆ ಮೊದಲ್ನೇ ಹೂ ನಿನಗೇ ಕಣಪ್ಪ ಅಂತ."

ನನ್ನ ಊಟಕ್ಕಾಗಿ ಹರಕೆ ಹೊತ್ತವರ ಮೇಲೆ ಹೇಗೆ ರೇಗುವುದು? ಆದರೂ ಕೇಳಿದೆ: "ಮೊದಲನೇ ಹೂ ಅಂದ್ರೆ ಒಂದು ಸಾಕಿತ್ತಲ್ಲ ಅತ್ತೆ?"

"ಹನ್ನೊಂದ್ರಾಗೆ ಯಾವ್ದು ಮೊದ್ಲು ಅರಳ್ತು ಅಂತ ನಂಗೇನಮ್ಮ ಗೊತ್ತು? ದೇವ್ರ ವಿಷ್ಯ. ತಪ್ಪಾಗ್ಬಾರ್ದು ಅಂತ ಎಲ್ಲಾ ಕಿತ್ಕಂಡೋದೆ."

ಅಷ್ಟರಲ್ಲಿ ಆಟೋದಿಂದ ಮೇಷ್ಟ್ರು ಇಳಿದರು. ಕೈಯಲ್ಲಿ ಭೂತಗನ್ನಡಿ ಬೇರೆ. ಬರೀ ಗಿಡ ನೋಡಿ ನಗಲು ಶುರುಮಾಡಿದರು.

"ಹೂ ಎಲ್ಲಿ ಮೇಡಂ?"

"ಗುಡೀಲಿದೆ."

"ಹೌದೌದು" ಅಂದರು. ಅವರು ಗುಡಿಯೊಳಗೆ ಕಾಲಿಟ್ಟು ಮೂವತ್ತು ವರ್ಷವಾಗಿತ್ತು. ನಾನು ಬಿಡಲಿಲ್ಲ, ಎಳೆದುಕೊಂಡೇ ಹೋದೆ. ಬೀದಿ ತುದಿಯಲ್ಲೇ ಗುಡಿ. ಶನಿವಾರವಾದ್ದರಿಂದ ಜನವೋ ಜನ. ಸ್ವಾಮಿಯ ಸಿಂಧೂರದ ಮೈ ಮೇಲೆ, ಬಲ ಭುಜದಿಂದ ತಲೆಯವರೆಗೆ, ನನ್ನ ಹನ್ನೊಂದು ಹೂ. ಅಷ್ಟು ಚೆನ್ನಾಗಿ ಅವು ಗಿಡದ ಮೇಲೂ ಕಂಡಿರಲಿಲ್ಲ.

ಮೇಷ್ಟ್ರು ಭೂತಗನ್ನಡಿ ಎತ್ತಿದರು. ಅಷ್ಟು ದೂರಕ್ಕೆ ಅದರಿಂದ ಏನು ಕಾಣುತ್ತೆ? ಪೂಜಾರಪ್ಪನವರನ್ನು ಕೇಳಿದರು. "ಸ್ವಾಮೀ, ಆ ಗುಲಾಬಿ ಬಣ್ಣದ ಹೂ ಒಂದು ಕೊಡ್ತೀರಾ?"

"ಕೇಳಿ ಇಸ್ಕಳೋದಲ್ಲ ಅದು. ಸ್ವಾಮೀನೇ ಕೊಡ್ಬೇಕು. ಮನಸ್ಸಿನಾಗೆ ಏನೈತೋ ಅಂದ್ಕಂಡು ನಿಂತ್ಕಳಿ. ಬಲಗಡೆ ಬಿದ್ರೆ ನಿಮ್ಮ ಕೆಲಸ ಆದಂಗೆ."

ಮೇಷ್ಟ್ರು ನಿಂತರು. ಕೈ ಕಟ್ಟಿ, ಕತ್ತು ಚಾಚಿ, ಕಣ್ಣು ಮಿಟುಕಿಸದೆ ಸ್ವಾಮಿಯ ಬಲ ಭುಜವನ್ನೇ ನೋಡುತ್ತಾ ನಿಂತರು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಹಿಂದಿನವರು ಮೊದಲು ಗೊಣಗಿದರು, ಆಮೇಲೆ ಅವರೂ ಕೈ ಮುಗಿದು ನಿಂತರು. "ಏನು ಭಕ್ತಿ ನೋಡೇ! ರೆಪ್ಪೆ ಬಡೀತಿಲ್ಲ" ಅಂತ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದಳು.

ಹೂ ಅಲುಗಿತು. ಜಾರಿತು. ಬಲಗಡೆಯೇ ಬಿತ್ತು.

ಗಂಟೆ ಹೊಡೆದರು. "ಜೈ ಆಂಜನೇಯ" ಅಂತ ಕೂಗು ಎದ್ದಿತು. ಪೂಜಾರಪ್ಪನವರು ಹೂವನ್ನು ಮೇಷ್ಟ್ರ ಬೊಗಸೆಗೆ ಹಾಕಿದರು. ಮೇಷ್ಟ್ರು ಕಣ್ಣಿಗೊತ್ತಿಕೊಳ್ಳಲಿಲ್ಲ. ಅಲ್ಲೇ ದೀಪದ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು, ಜೋರಾಗಿ ಎಣಿಸಿದರು: "ಒಕಟಿ, ರೆಂಡು, ಮೂಡು..." ಜನ ಉಸಿರು ಹಿಡಿದು ಕೇಳುತ್ತಿದ್ದರು. "...ಎನಿಮಿದಿ, ತೊಮ್ಮಿದಿ, ಪದಿ! ಹತ್ತು ಮೇಡಂ! ಹತ್ತಿದೆ! ಒಪ್ಪಿದೆ ನಾನು!"

ನನಗೆ ಕುಣಿಯಬೇಕು ಅನ್ನಿಸಿತು. ಗುಡಿ ಅಂತ ಸುಮ್ಮನಿದ್ದೆ.

ಒಬ್ಬ ಅಜ್ಜಿ ಬಂದು ಮೇಷ್ಟ್ರ ತೋಳು ಹಿಡಿದುಕೊಂಡರು. "ಏನು ಸಾಮಿ ಹತ್ತು ಅಂದ್ರೆ?"

ಮೇಷ್ಟ್ರು ಇನ್ನೂ ಹೂವಿನೊಳಗೇ ಇದ್ದರು. "ಹತ್ತಿದ್ರೆ ಅಸಲಿ ಅಜ್ಜಿ. ಒಳಗಿರೋ ಎಳೆ ಎಣಿಸ್ಬೇಕು" ಅಂದುಬಿಟ್ಟರು. ಹೂವನ್ನು ಜೇಬಿಗೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದರು.

ಮುಂದಿನ ಶನಿವಾರ ನಾನೂ ನಮ್ಮತ್ತೆಯೂ ಗುಡಿಗೆ ಹೋದೆವು. ಒಳಗೆ ಕಾಲಿಡಲು ಜಾಗವಿಲ್ಲ. ಪ್ರಸಾದ ತೆಗೆದುಕೊಂಡವರು ಯಾರೂ ಹೊರಗೆ ಹೋಗುತ್ತಿಲ್ಲ. ಎಲ್ಲರೂ ಹೂ ಬಿಡಿಸಿಕೊಂಡು ನಿಂತಿದ್ದಾರೆ. "ನಂದು ಐದೇ ಐತೆ, ಬ್ಯಾರೆ ಕೊಡಿ" ಅಂತ ಒಬ್ಬರು ಪೂಜಾರಪ್ಪನವರ ಹತ್ತಿರ ಜಗಳ. ಪೂಜಾರಪ್ಪನವರು ನನ್ನನ್ನು ಕಂಡು ಎರಡೂ ಕೈ ಎತ್ತಿ ಮುಗಿದರು.

ಅದೇ ಅಜ್ಜಿ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದರು. ಅವರಿಗೆ ಸಿಕ್ಕಿದ್ದು ದಪ್ಪನೆಯ ಸೇವಂತಿಗೆ. ಮಡಿಲ ತುಂಬ ಎಸಳು.

"ಏನಜ್ಜಿ, ಚೆನ್ನಾಗಿದ್ದೀರಾ?" ಅಂದೆ.

"ಮಾತಾಡಿಸ್ಬ್ಯಾಡ ಕಣಮ್ಮ" ಅಂದರು ತಲೆ ಎತ್ತದೆ. "ಬೆಳಿಗ್ಗಿಂದ ಕುಂತಿವ್ನಿ. ನೂರಾ ನಲವತ್ತಾಯ್ತು, ಲೆಕ್ಕ ತಪ್ಪೋಯ್ತದೆ."